ಗಾರ್ಡ್ ಸಾಹೇಬರ ಸಣ್ಣ ಗಿಟಾರು

ಕೆಲವು ಮನೆಗಳಲ್ಲಿ ಹಾಲು ಉಕ್ಕುತ್ತಲೇ ಇರುತ್ತದೆ. ಕೆಲವು ಮನೆಗಳಿಗೆ ಬೀಗರು ಬರುತ್ತಲೇ ಇರುತ್ತಾರೆ. ನಮ್ಮ ಮನೆಗೆ ಒಂದು ಸಣ್ಣ ಗಿಟಾರು ಬಂತು ನೋಡಿ, ಅಂದಿನಿಂದ ಅದನ್ನು ಎಲ್ಲಿಗೆ ಎತ್ತಿಕೊಂಡು ಹೋದರೂ ಏನಾದರೊಂದು ಆಗುತ್ತಲೇ ಹೋಯಿತು. ಬಾಯಿಬಿಟ್ಟು ಹೇಳಲು ನನಗೆ ಇವತ್ತಿಗೂ ಸಂಕೋಚ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

೧. ಸಂಡಿಗೆ ಕಾವಲು

ಧಾರವಾಡದ ಹಾಸ್ಟೆಲಿನಲ್ಲಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ ಓದು ಮುಗಿಸಿ ಬಾಗಲಕೋಟೆಗೆ ಬಂದಾಗ ನನಗೆ ಎರಡು ಭಾಷೆ ಬರುತ್ತಿದ್ದವು, ಎರಡರಲ್ಲೂ ಮಾತಾಡಲು ಬರುತ್ತಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅಪ್ಪ ರಸ್ತೆ ಕೆಲಸದ ಓವರ್‌ಸಿಯರ್. ಸ್ಟೇಶನ್ ಹತ್ತಿರ ನಮ್ಮದೊಂದು ಬಾಡಿಗೆ ಮನೆ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಲ್ಲಿ ರೈಲಿನ ಗಾರ್ಡ್ ಒಬ್ಬರು ಒಂಟಿಯಾಗಿದ್ದರು. ಲೋಂಡಾ ಕಡೆಯ ಕ್ರಿಶ್ಚಿಯನ್ನರು. ಊರೂರು ತಿರುಗಿ ನಮ್ಮ ಕನ್ನಡವನ್ನೇ ಕಲಿತಿದ್ದರು. ಓಣಿಗೆಲ್ಲ ಅವರು ಗಾರ್ಡ್ ಸಾಹೇಬರು.

ಒಂದು ಸಂಜೆ ಮಾಳಿಗೆಯ ಮೇಲೆ ಒಣಗಲು ಹಾಕಿದ್ದ ಸಂಡಿಗೆಗೆ ಕಾಗೆ ಬರದ ಹಾಗೆ ಕಾಯುತ್ತ ಕೂತಿದ್ದೆ. ಕೆಳಗೆ ಸಾಹೇಬರ ಕಿಟಕಿಯಿಂದ ವಾದ್ಯದ ಸದ್ದು ಬಂತು. ಇಬ್ಬರು ಕೂಡಿ ಬಾರಿಸುತ್ತಿದ್ದಾರೆ ಅಂದುಕೊಂಡೆ. ಒಂದು ದನಿ ಕೆಳಗೆ ಒಂದೇ ನಡಿಗೆಯಲ್ಲಿ ನಡೆಯುತ್ತಿತ್ತು, ಇನ್ನೊಂದು ಅದರ ಸುತ್ತ ಕುಣಿಯುತ್ತಿತ್ತು, ನಡುನಡುವೆ ಓಡಿಹೋಗಿ ಮತ್ತೆ ಬಂದು ಕೈ ಹಿಡಿಯುತ್ತಿತ್ತು. ಒಂದೊಂದು ಸ್ವರವೂ ಮಣಿ ಪೋಣಿಸಿದ ಹಾಗೆ ಬೇರೆ ಬೇರೆ. ಬಗ್ಗಿ ನೋಡಿದರೆ ಅಲ್ಲಿದ್ದದ್ದು ಸಾಹೇಬರು ಒಬ್ಬರೇ, ಅವರ ಮಡಿಲಲ್ಲಿ ಒಂದು ಗಿಟಾರು, ಅದೂ ಅಂಗೈ ಅಗಲ ಅನ್ನುವಂಥದ್ದು. ನನ್ನ ಮೈಮೇಲೆ ಮುಳ್ಳೆದ್ದವು. ಹಾಸ್ಟೆಲಿನಲ್ಲಿ ಗಿಟಾರು ಕಂಡಿದ್ದೆ, ದಬದಬ ಬಾರಿಸುವುದನ್ನು ಕೇಳಿದ್ದೆ. ಅದೇ ವಾದ್ಯ ಹೀಗೂ ಮಾತಾಡುತ್ತದೆಂದು ಗೊತ್ತಿರಲಿಲ್ಲ.

ಮರುದಿನ ಸಂಜೆಯೂ ಸಂಡಿಗೆ ಕಾಯಲು ಹೋದೆ. ಅದರ ಮರುದಿನವೂ ಹೋದೆ. ಅವ್ವನಿಗೆ ಮಗಳು ಮನೆಗೆಲಸಕ್ಕೆ ಹತ್ತಿದಳೆಂದು ಭಾಳ ಸಮಾಧಾನ. ಒಂದು ದಿನ ಕೆಳಗೆ ಸದ್ದು ನಡುವೆಯೇ ನಿಂತಿತು. ಸಾಹೇಬರು ಕಿಟಕಿಯಿಂದ ಮೇಲೆ ನೋಡಿ ಅಂದರು:

"ಬೇಟಿ, ಸಂಡಿಗಿ ಒಣಗಿ, ನಿಮ್ಮವ್ವ ಅದನ್ನ ಡಬ್ಬಿಗೆ ತುಂಬಿ, ಕರದು ನಮ್ಮ ಮನಿಗೂ ಕೊಟ್ಟು, ನಾ ತಿಂದೂ ಆತು. ನೀ ಇನ್ನೂ ಏನ ಕಾಯಾಕತ್ತೀ?"

೨. ಇನ್ನೂ ಬೆಳೆಯೂದೈತೇನ್ರಿ?

ಹಾಗೆ ಸಾಹೇಬರ ಮನೆಯೊಳಗೆ ಹೋದೆ. ಅಪ್ಪನೂ ಜೊತೆಗೆ ಬಂದರು, ನಾನು ಒಬ್ಬಳೇ ಹೋದರೆ ಹೊಸ್ತಿಲಲ್ಲೇ ನಿಂತುಬಿಡುತ್ತೇನೆಂದು ಅವರಿಗೆ ಗೊತ್ತಿತ್ತು.

ಗಿಟಾರನ್ನು ಹತ್ತಿರದಿಂದ ಕಂಡೆ. ಹಳೇ ಬೆಲ್ಲದ ಬಣ್ಣ. ಸಾಹೇಬರ ತಾಯಿಯ ಕಾಲದ್ದು. ನಡು ಸಣ್ಣದು, ಹೆಗಲು ಇಳಿಜಾರು, ಕತ್ತು ಮಾತ್ರ ಬೆರಳಾಡಲು ಬೇಕಾದಷ್ಟು ಅಗಲ. ಎತ್ತಿದರೆ ಹೂವಿನ ಬುಟ್ಟಿಯಷ್ಟು ಹಗುರ. ಮಡಿಲಲ್ಲಿ ಇಟ್ಟುಕೊಂಡೆ. ದೊಡ್ಡ ಗಿಟಾರಿನ ಹಿಂದೆ ನಾನು ಕೂತಿದ್ದರೆ ಬಾಗಿಲ ಹಿಂದೆ ನಿಂತವಳ ಹಾಗೆ ಕಾಣುತ್ತಿದ್ದೆ, ಇದು ನನ್ನ ಅಳತೆಗೇ ಹೊಲಿದ ಕುಪ್ಪಸದಂತೆ ಕೂತಿತು. ಒಂದು ತಂತಿಯನ್ನು ಬೆರಳ ತುದಿಯಿಂದ ಮುಟ್ಟಿದೆ, ಮೀಟಿದೆ ಅನ್ನುವ ಹಾಗೂ ಇಲ್ಲ. ಅಷ್ಟಕ್ಕೇ ಅದು "ಹೂಂ" ಅಂತು. ಇಷ್ಟು ಮೆಲ್ಲಗೆ ಹೇಳಿದರೂ ಕೇಳಿಸಿಕೊಳ್ಳುವವರು ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಅಪ್ಪ ಬಹಳ ಹೊತ್ತು ನೋಡಿ ಗಂಭೀರವಾಗಿ ಕೇಳಿದರು, "ಇದು ಇನ್ನೂ ಬೆಳೆಯೂದೈತೇನ್ರಿ?"

ಅದೇ ಹೊತ್ತಿಗೆ ಇನ್ನೊಬ್ಬ ಅಲ್ಲಿಗೆ ಬಂದ. ಊರಿನ ಮದುವೆಗಳಲ್ಲಿ ಆರ್ಕೆಸ್ಟ್ರಾ ಬಾರಿಸುತ್ತಿದ್ದವನು. ಬೆಲ್‌ಬಾಟಮ್ ಪ್ಯಾಂಟು, ಬೆನ್ನಿಗೆ ಎಮ್ಮೆಯಷ್ಟು ದೊಡ್ಡ ಗಿಟಾರು, ಕೊರಳಲ್ಲಿ ದಾರಕ್ಕೆ ಕಟ್ಟಿದ ಪಿಕ್ಕು. ತಂತಿ ಹೊಡೆಯುವ ಆ ಪ್ಲಾಸ್ಟಿಕ್ ಚೂರನ್ನು ಅವನು ತಾಯಿತದ ಹಾಗೆ ಕಟ್ಟಿಕೊಂಡಿರುತ್ತಿದ್ದ. "ಗಾರ್ಡ್ ಸಾಹೇಬ್ರ, ಇದು ಹುಡುಗೂರ ಆಟಿಗಿ ಅಲ್ಲೇನ್ರಿ? ಮಂಟಪದಾಗ ಇದನ್ನ ಬಾರಸಿದ್ರ ಮದುಮಗನಿಗೂ ಕೇಳೂದಿಲ್ಲ" ಅಂದ.

ಸಾಹೇಬರು ನಕ್ಕರು. "ದೊಡ್ಡ ಗಿಟಾರು ಸಭಾಕ್ಕ ಭಾಷಣ ಮಾಡೂದಪಾ. ಇದು ಕಿವ್ಯಾಗ ಮಾತಾಡೂದು. ಬೆರಳಿಲೆ ಬಾರಸಾವರಿಗೆ ಹೊಟ್ಟಿ ದೊಡ್ಡದಿದ್ರ ತ್ರಾಸ. ಒಂದು ಸ್ವರ ಹೊರಗ ಬರೂದ್ರಾಗ ಹಿಂದಿಂದು ಇನ್ನೂ ಒಳಗ ಗುಂಯ್‌ಗುಡತಿರತೈತಿ. ಇದರಾಗ ಹಂಗಿಲ್ಲ. ಕರದ ಕೂಡ್ಲೆ ಬರತೈತಿ, ಹೋಗು ಅಂದ್ರ ಹೋಗತೈತಿ."

ಆಮೇಲೆ ವಿಷಯ ತೆಗೆದರು. ಅವರ ಬೆರಳ ಗಂಟುಗಳಿಗೆ ವಾತ ಬಡಿದಿತ್ತು. ಮುಂದೆ ಬಾರಿಸುವುದು ಆಗದು. ನೌಕರಿಯೂ ಮುಗಿಯಲು ಬಂದಿತ್ತು. ಹುಬ್ಬಳ್ಳಿಯ ತಂಗಿಯ ಮನೆಗೆ ಹೋಗುವವರು ಗಿಟಾರನ್ನು ಇಲ್ಲೇ ಯಾರಿಗಾದರೂ ಬಿಟ್ಟುಹೋಗಬೇಕೆಂದಿದ್ದರು. "ನಮ್ಮವ್ವ ಕಲಿಸಿದ ಧಾಟಿ ಒಂದೈತಿ. ಅದನ್ನ ನನ್ನ ಕಡೀ ದಿನ, ಮಂದಿ ಮುಂದ, ಹೆಬ್ಬೆರಳು ಒಮ್ಮಿನೂ ನಿಲ್ಲದಂಗ ಬಾರಸಿದಾವರಿಗೆ ಇದು. ನೀವಿಬ್ರೂ ಕಲೀರಿ."

ಆರ್ಕೆಸ್ಟ್ರಾದವನು ಧಾಟಿಯನ್ನು ಒಮ್ಮೆ ಕೇಳಿ, "ಗಿಟಾರು ಅಂದ್ರ ಗಿಟಾರೇರಿ, ನಾ ಮನ್ಯಾಗ ನಂದರ ಮ್ಯಾಲೇ ಕಲೀತೇನಿ" ಎಂದು ಹೊರಟುಹೋದ. ಹೀಗಾಗಿ ಸಣ್ಣ ಗಿಟಾರು ಅಭ್ಯಾಸಕ್ಕೆಂದು ನಮ್ಮ ಮನೆಗೆ ಬಂತು. ನನಗೆ ಕುಣಿಯಬೇಕೆನಿಸಿತು. ಆದರೆ ಆ "ಮಂದಿ ಮುಂದ" ಅನ್ನುವ ಮಾತು ಕುಣಿಯಲು ಬಿಡಲಿಲ್ಲ.

ಅಪ್ಪ ನನ್ನ ಪರವಾಗಿ ನಿಜ ಹೇಳಿಬಿಟ್ಟರು. "ಸಾಹೇಬ್ರ, ಈಕಿ ಹಾಲಿನಾವನ ಮುಂದ ಸೈತ ಬರೂದಿಲ್ರಿ. ಪಾತೇಲಿ ಕಟ್ಟಿ ಮ್ಯಾಲ ಇಟ್ಟು ಒಳಗ ಓಡತಾಳ."

"ಹಂಗಾದ್ರ ಹಾಲಿನಾವನಿಂದನ ಸುರು ಮಾಡೂಣು."

ಮರುದಿನ ಬೆಳಿಗ್ಗೆ ಪಾತೇಲಿಯ ಪಕ್ಕದಲ್ಲಿ, ತಲೆ ಬಗ್ಗಿಸಿ, ಸಾಹೇಬರು ಹಿಂದಿನ ಸಂಜೆ ತೋರಿಸಿಕೊಟ್ಟ ನಾಲ್ಕು ಸ್ವರಗಳನ್ನು ಬಾರಿಸಿದೆ. ಹಾಲಿನವನು ಹಾಲು ಹಾಕುವುದನ್ನು ಮರೆತು ನಿಂತ. ಕೊನೆಗೆ ಮೆಲ್ಲಗೆ ಕೇಳಿದ, "ಅಕ್ಕಾರ, ನಾಳೆ ಎಮ್ಮಿ ಹೊಡಕೊಂಡ ಬರಲೇನ್ರಿ? ಇದನ್ನ ಕೇಳಿದ್ರ ಒಂದೀಟು ಹಾಲು ಹೆಚ್ಚಿಗಿ ಇಳಿಸೀತು."

ಕೋಣನ ಮುಂದೆ ಕಿನ್ನರಿ ಎಂಬ ಗಾದೆ ಕೇಳಿದ್ದೆ. ಎಮ್ಮೆಯ ಕಡೆಯಿಂದ ಕರೆ ಬಂದದ್ದು ಮಾತ್ರ ಅದೇ ಮೊದಲು.

೩. ಇಂಜಿನ್ನು, ಡಬ್ಬಿ, ರೊಟ್ಟಿ

ಸಾಹೇಬರು ಕಲಿಸುವುದೆಲ್ಲ ರೈಲಿನ ಭಾಷೆಯಲ್ಲಿ. "ಹೆಬ್ಬೆರಳು ಅಂದ್ರ ಇಂಜಿನ್ ಬೇಟಿ. ಉಳಿದ ಬೆರಳು ಡಬ್ಬಿ. ಡಬ್ಬಿಯೊಳಗ ಮಂದಿ ನಗಲಿ, ಅಳಲಿ, ಜಗಳಾಡಲಿ, ಇಂಜಿನ್ನಿಗೆ ಸಂಬಂಧಿಲ್ಲ. ಅದು ನಡಕೋತ ಹೋಗಬೇಕು. ನಾ ಗಾರ್ಡ್, ಹಿಂದ ಕುಂತು ಕೇಳತಿರತೇನಿ."

ಕೇಳಲು ಸುಲಭ. ಹೆಬ್ಬೆರಳು ನಡೆದರೆ ಬೆರಳು ನಿಲ್ಲುತ್ತಿದ್ದವು, ಬೆರಳು ಓಡಿದರೆ ಹೆಬ್ಬೆರಳು ಅವುಗಳ ಬೆನ್ನು ಹತ್ತುತ್ತಿತ್ತು. ಆಮೇಲೆ ಒಂದು ದಿನ, ಯಾಕೋ ಏನೋ, ಎರಡೂ ಬೇರೆಬೇರೆಯಾಗಿ ನಡೆದವು. ನನ್ನ ಕೈಯನ್ನು ನಾನೇ ಯಾರದೋ ಕೈ ಎಂಬಂತೆ ನೋಡಿದೆ. ಆ ಖುಷಿಗೆ ಏನು ಮಾಡಬೇಕೋ ತಿಳಿಯದೆ ಹಿತ್ತಲಿಗೆ ಹೋಗಿ ಎರಡು ಕೊಡ ನೀರು ಸೇದಿ ತಂದೆ.

ಆಮೇಲೆ ಕೈ ಸುಮ್ಮನಿರಲೇ ಇಲ್ಲ. ಬಾಗಿಲು, ಹಾಸಿಗೆ, ಮೊಣಕಾಲು, ಸಿಕ್ಕಿದ್ದರ ಮೇಲೆಲ್ಲ ಅದೇ ಓಟ. ಜೋಳದ ರೊಟ್ಟಿ ಬಡಿಯುವಾಗಲೂ ಹೆಬ್ಬೆರಳು ಒಂದು ದಾರಿ ಹಿಡಿಯಿತು, ಉಳಿದ ಬೆರಳು ಇನ್ನೊಂದು. ಅವ್ವ ಬಡಿದ ರೊಟ್ಟಿ ಚಂದ್ರನಂತಿದ್ದರೆ ನನ್ನದು ಅಪ್ಪನ ಇಲಾಖೆಯ ರಸ್ತೆಯಂತಿತ್ತು. ಅಪ್ಪ ಊಟಕ್ಕೆ ಕೂತು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು ಅವ್ವನಿಗೆ ತೋರಿಸಿದರು:

"ಈಕಡೆ ನೋಡು, ಇಂಜಿನ್ ಹಾದು ಹೋಗೈತಿ. ಆಕಡೆ ಡಬ್ಬಿ ಹಳಿ ತಪ್ಯಾವು. ನಾ ಈಗ ಯಾವ ಕಡಿಂದ ತಿನ್ನಬೇಕು?"

೪. ಶಾಂತ ಕೂಸು

ಇಳಕಲ್ಲಿನಲ್ಲಿ ಆಯಿಗೆ, ಅಂದರೆ ಅವ್ವನ ಅವ್ವನಿಗೆ, ಮೈಯಲ್ಲಿ ನೆಟ್ಟಗಿರಲಿಲ್ಲ. ಅಪ್ಪನೊಂದಿಗೆ ನನ್ನನ್ನು ಕಳಿಸಿದರು. ಅಭ್ಯಾಸ ತಪ್ಪಬಾರದೆಂದು ಗಿಟಾರೂ ಹೊರಟಿತು. ಅದರ ಹಳೇ ಪೆಟ್ಟಿಗೆಯ ಬಿಜಾಗರಿ ಮುರಿದಿತ್ತು, ಬಿಸಿಲಿಗೆ ಹಳೇ ಕಟ್ಟಿಗೆ ಬಿರಿಯುವ ಭಯ ಬೇರೆ. ಅವ್ವ ಅದನ್ನು ಮೆತ್ತನೆಯ ಕೌದಿಯಲ್ಲಿ ಸುತ್ತಿದಳು. ತಂತಿ ಬಿಗಿಯುವ ಕಿವಿಗಳಿಗೆ ಪೆಟ್ಟಾಗಬಾರದೆಂದು, ನಾನು ಕೂಸಾಗಿದ್ದಾಗ ತಲೆಗೆ ಹಾಕುತ್ತಿದ್ದ ಕುಂಚಿಗೆಯನ್ನು ಹುಡುಕಿ ತಂದು ಅದರ ತಲೆಗೆ ಹಾಕಿ ಲಾಡಿ ಕಟ್ಟಿದಳು.

ಬಸ್ಸು ತುಂಬಿತ್ತು. ಅಪ್ಪ ಮುಂದೆ ಗಂಡಸರ ನಡುವೆ ನಿಂತರು. ನಾನು ಹತ್ತಿದ ಕೂಡಲೇ ಒಬ್ಬ ದೊಡ್ಡಮ್ಮ ಸರಿದು ಜಾಗ ಮಾಡಿದಳು. "ಕುಂದರವಾ, ಕೂಸಿನ ತಾಯಿ ನಿಲ್ಲಬಾರದು."

ಅಲ್ಲ ಅನ್ನಬೇಕಿತ್ತು. ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕೂತುಬಿಟ್ಟಿದ್ದೆ. ಕೂತ ಮೇಲೆ ಅಲ್ಲ ಅನ್ನುವುದು ಹೇಗೆ?

"ಗಂಡೋ, ಹೆಣ್ಣೋ?" ನಾನು ಸುಮ್ಮನೆ ನಕ್ಕೆ. "ಹೆಣ್ಣಂತ ಕಾಣತೈತಿ, ಹೇಳಾಕ ನಾಚತಾಳ. ಇರ್ಲಿ ಬಿಡವಾ, ಲಕ್ಷ್ಮಿ ಬಂದಂಗಾತು. ನೋಡ್ರೇ, ಇಷ್ಟು ಗದ್ದಲದಾಗೂ ಅಳೂದಿಲ್ಲ. ಎಂಥಾ ಶಾಂತ ಕೂಸು."

ಅಮೀನಗಡ ದಾಟಿದ ಮೇಲೆ ಬಸ್ಸು ಒಂದು ತಗ್ಗಿಗೆ ಬಿತ್ತು. ಕೌದಿಯೊಳಗಿಂದ ಎಲ್ಲ ತಂತಿಗಳೂ ಕೂಡಿ "ಟಂಯ್ಂಯ್" ಅಂದವು.

ದೊಡ್ಡಮ್ಮನ ಮುಖ ಬದಲಾಯಿತು. "ಹೊಟ್ಟಿ ಉಬ್ಬೈತಿ ಕೂಸಿಂದು." ಕೌದಿಯ ಮೇಲೆ ಕೈಯಾಡಿಸಿದಳು. "ಯವ್ವಾ, ಕಲ್ಲಾಗೈತಲ್ಲ ಹೊಟ್ಟಿ." ಹಿಂದಿನ ಸೀಟಿನಾಕೆ ಅಜವಾನದ ನೀರು ಕುಡಿಸು ಅಂದಳು. ಪಕ್ಕದಾಕೆ ಹೊಕ್ಕುಳಿಗೆ ಇಂಗು ಹಚ್ಚು ಅಂದಳು. ಕಂಡಕ್ಟರು ಬಂದು, "ಹುನಗುಂದ ಬಂತು, ದವಾಖಾನಿ ಮುಂದನ ನಿಲ್ಲಸ್ತೇವಿ, ಗಾಬರಿ ಆಗಬ್ಯಾಡ್ರಿ" ಅಂದ. ಮುಂದೆ ನಿಂತಿದ್ದ ಅಪ್ಪ ಯಾರದೋ ಕೂಸಿಗೆ ಏನೋ ಆಗಿದೆ ಎಂದು ತಿಳಿದು, "ಪಾಪ, ಲಗೂ ಓಡಸ್ರಿ" ಎಂದು ಡ್ರೈವರನನ್ನು ಅವಸರಪಡಿಸುತ್ತಿದ್ದರು.

ಇನ್ನು ಬೇರೆ ದಾರಿ ಉಳಿಯಲಿಲ್ಲ. ಕುಂಚಿಗೆಯ ಲಾಡಿ ಬಿಚ್ಚಿ ಕೌದಿ ಸರಿಸಿದೆ. ದೊಡ್ಡಮ್ಮ ಗಿಟಾರಿನ ಮುಖವನ್ನು ಒಂದು ಕ್ಷಣ ನೋಡಿದಳು, ನನ್ನ ಮುಖವನ್ನು ನೋಡಿದಳು, ಮತ್ತೆ ಗಿಟಾರನ್ನು ನೋಡಿದಳು. ಆಮೇಲೆ ತಾನೇ ಕುಂಚಿಗೆ ಹಾಕಿ, ಲಾಡಿ ಬಿಗಿದು ಕಟ್ಟಿ ಅಂದಳು:

"ಹೆಂಗರ ಇರ್ಲೇಳವಾ, ನಿನ್ನ ಹೊಟ್ಟೀದು. ದೃಷ್ಟಿ ಆಗತೈತಿ, ಮುಚ್ಚು."

೫. ಕೆಂಪು ತಂತಿ

ಇಳಕಲ್ಲು ಮುಟ್ಟಿದಾಗ ಆಯಿ ಎದ್ದು ಕೂತು ಜಗಳಾಡುವಷ್ಟು ಗಟ್ಟಿಯಾಗಿದ್ದಳು. ಅವಳ ಓಣಿ ಪೂರ್ತಿ ನೇಕಾರರದ್ದು. ಬೆಳಗಿನಿಂದ ಮಗ್ಗಗಳು ಖಟಪಟ ಅನ್ನುತ್ತಿದ್ದವು. ಆ ಸದ್ದು ಎಷ್ಟು ಸಮವಾಗಿತ್ತೆಂದರೆ ನನ್ನ ಹೆಬ್ಬೆರಳು ತಾನಾಗಿಯೇ ಅದರ ಜೊತೆ ನಡೆಯಿತು. ಎಷ್ಟೋ ಮಗ್ಗ ಸುತ್ತಲೂ ಆಡುತ್ತಿರುವಾಗ ನನ್ನನ್ನು ಯಾರು ಕೇಳುತ್ತಾರೆಂದು ಧೈರ್ಯವೂ ಬಂತು. ಆ ಧೈರ್ಯದಲ್ಲಿ ಸ್ವಲ್ಪ ಜೋರಾಗಿ ಎಳೆದೆ. ಎಲ್ಲಕ್ಕಿಂತ ತೆಳ್ಳಗಿನ ತಂತಿ ಪಟ್ಟನೆ ಹರಿಯಿತು.

ನಾನು ಅಳುವುದೊಂದು ಬಾಕಿ. ಆ ತಂತಿ ಸಿಗುವುದು ಹುಬ್ಬಳ್ಳಿಯಲ್ಲಿ.

"ಒಂದ ಎಳಿ ಹರದ್ರ ಅಳತಾರೇನ? ನಮ್ಮ ಓಣ್ಯಾಗ ದಿನಾ ಹರೀತಾವು" ಎಂದು ಆಯಿ ಪಕ್ಕದ ಮನೆಯ ಕಾಕುವನ್ನು ಕರೆದಳು. ಕಾಕು ಮಗ್ಗದಿಂದ ಎದ್ದು ಬಂದು, ಸೆರಗಿಗೆಂದು ಇಟ್ಟಿದ್ದ ಕೆಂಪು ರೇಷ್ಮೆಯ ಎಳೆಗಳನ್ನು ತೊಡೆಯ ಮೇಲೆ ಹೊಸೆದು, ಮೇಣ ತಿಕ್ಕಿ, ತಂತಿಯೊಂದನ್ನು ಮಾಡಿಯೇಬಿಟ್ಟಳು. ಕಟ್ಟಿ ಬಿಗಿದೆವು. ಖರೆ ಹೇಳುತ್ತೇನೆ, ನುಡಿಯಿತು. ಮೆತ್ತಗೆ, ಹೊದ್ದುಕೊಂಡು ಮಾತಾಡಿದ ಹಾಗೆ, ಆದರೂ ನುಡಿಯಿತು. ಓಣಿಯ ಹೆಂಗಸರೆಲ್ಲ ಕೂಡಿದರು. ನಾನು ಧಾಟಿ ಶುರುಮಾಡಿದೆ.

ರೇಷ್ಮೆ ಹಿಗ್ಗುತ್ತದೆ ಅನ್ನುವುದು ಅರ್ಧ ದಾರಿಯಲ್ಲಿ ತಿಳಿಯಿತು. ಒಂದೊಂದು ಮೀಟಿಗೂ ಸ್ವರ ಬಾವಿಗೆ ಕೊಡ ಇಳಿದಂತೆ ಕೆಳಗೆ ಕೆಳಗೆ ಇಳಿಯಿತು. ಕೊನೆಗೆ ತಂತಿ ಹಗ್ಗದಂತೆ ಜೋತುಬಿದ್ದು ಮಾತೇ ನಿಂತಿತು. ಹೆಂಗಸರಿಗೆ ಅದೂ ಧಾಟಿಯ ಭಾಗವೇ ಎನಿಸಿ ಭಾಳ ಸೇರಿತು.

ಕಾಕು ಮಾತ್ರ ಕೆಂಪು ತಂತಿಯನ್ನು ಅಭಿಮಾನದಿಂದ ನೋಡಿ, ಉಳಿದ ತಂತಿಗಳನ್ನು ಬೆರಳಿಂದ ತೋರಿಸಿ ಕೇಳಿದಳು, "ಸೆರಗಂತೂ ಆತು. ಒಡಲೂ ನೇದ ಕೊಡಲೇನು, ಹಿಂಗ ಬಿಡ್ತೀಯೋ?"

೬. ಬಾದಾಮಿಯ ಪರೀಕ್ಷಕರು

ಊರಿಗೆ ಬಂದಾಗ ಸಾಹೇಬರು ಕೆಂಪು ತಂತಿ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹುಬ್ಬಳ್ಳಿಯಿಂದ ಹೊಸದು ತರಿಸಿ ಹಾಕಿದರು. ಕಡೇ ದಿನ ಹತ್ತಿರ ಬರುತ್ತಿತ್ತು, ನನ್ನ ಕೈ ತಯಾರಾಗಿತ್ತು, ನಾನು ತಯಾರಾಗಿರಲಿಲ್ಲ. "ಬಾದಾಮಿಗೆ ಹೋಗೂಣು. ಅಲ್ಲಿ ಗುಹೆಯೊಳಗ ಕಲ್ಲಿನ ಮಂದಿ ಭಾಳ ಅದಾರ. ಅವರ ಮುಂದ ಬಾರಸು. ಅವರು ಯಾರಿಗೂ ಹೇಳೂದಿಲ್ಲ" ಅಂದರು. ರಜೆಯ ದಿನ ಅವರು, ಅಪ್ಪ, ನಾನು ರೈಲು ಹತ್ತಿದೆವು. ಆರ್ಕೆಸ್ಟ್ರಾದವನೂ ತನ್ನ ಎಮ್ಮೆ ಗಿಟಾರು ಹೊತ್ತು ಜೊತೆಗೆ ಬಂದ.

ಮೆಟ್ಟಿಲು ಹತ್ತಿ ಗುಹೆಯ ಮುಂದೆ ನಿಂತದ್ದಷ್ಟೇ. ಒಂದು ದೊಡ್ಡ ಮಂಗ ಗೋಡೆಯಿಂದ ಇಳಿದು ನೇರ ಆರ್ಕೆಸ್ಟ್ರಾದವನ ಕೊರಳಿಗೇ ಕೈ ಹಾಕಿ, ದಾರ ಕಿತ್ತು, ಪಿಕ್ಕನ್ನು ಬಾಯಿಗೆ ಹಾಕಿಕೊಂಡಿತು. ಕಡಿದು ನೋಡಿತು. ರುಚಿಯಾಗಲಿಲ್ಲವೆಂದು ಕಾಣುತ್ತದೆ, ಕೆಳಗಿನ ಕೆರೆಯ ಕಡೆಗೆ ಉಗುಳಿತು. "ಇನ್ನ ನಾ ಹೆಂಗ ಬಾರಸ್ಲಿ?" ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕೂತ.

ಮಂಗ ಅಷ್ಟಕ್ಕೆ ಬಿಡಲಿಲ್ಲ. ನನ್ನ ಹತ್ತಿರ ಬಂತು. ನಾನು ಕಲ್ಲಿನ ಮಂದಿಯಲ್ಲಿ ಒಬ್ಬಳಾದೆ. ಅದು ಮಡಿಲ ಗಿಟಾರನ್ನು ತಲೆ ಓರೆ ಮಾಡಿ ನೋಡಿ, ಒಂದು ಬೆರಳು ಚಾಚಿ, ಒಂದೇ ತಂತಿಯನ್ನು ಮೆಲ್ಲಗೆ ಮೀಟಿತು. ಟಿಣ್. ಕೇಳಿತು. ಇನ್ನೊಮ್ಮೆ ಮೀಟಿ, ಸಮಾಧಾನವಾದಂತೆ ಹೋಗಿ ಗೋಡೆಯ ಮೇಲೆ ಕೂತಿತು.

ಸಾಹೇಬರು ಆರ್ಕೆಸ್ಟ್ರಾದವನ ಹೆಗಲು ತಟ್ಟಿದರು. "ನೋಡಿದೇನಪಾ? ನಿನ್ನ ಪಿಕ್ಕು ಉಗುಳಿತು. ಬೆರಳಿಲೆ ಬಾರಸಬೇಕನ್ನೂದು ಅದಕ್ಕ ಯಾರೂ ಹೇಳಿಕೊಟ್ಟಿದ್ದಿಲ್ಲ."

೭. ಖಾಲಿ ಕೊಡಬಾರದು

ಸಾಹೇಬರ ಕಡೇ ದಿನ ಬಂದೇಬಿಟ್ಟಿತು. ಮಧ್ಯಾಹ್ನದ ಪ್ಯಾಸೆಂಜರ್ ಗಾಡಿಗೆ ಅವರೇ ಗಾರ್ಡ್, ಅದರಲ್ಲೇ ಹುಬ್ಬಳ್ಳಿಗೆ ಹೋಗಿ ಅಲ್ಲೇ ನೌಕರಿ ಮುಗಿಸುವವರು. ಬಾಗಲಕೋಟೆಯಲ್ಲಿ ಇಂಜಿನ್ ನೀರು ತುಂಬಿಕೊಳ್ಳುವಷ್ಟು ಹೊತ್ತು ನಮ್ಮ ಪರೀಕ್ಷೆ.

ನಾನು ಸೀರೆಯ ನೆರಿಗೆ ಹಿಡಿದುಕೊಳ್ಳುತ್ತ ನಡುಮನೆಯಲ್ಲಿದ್ದೆ. ಹೊರಗೆ ಅವ್ವ ಗಿಟಾರನ್ನು ಒರೆಸಿ ಕೌದಿಯಲ್ಲಿ ಸುತ್ತಿಟ್ಟಿದ್ದಳು. ಅಪ್ಪ, "ಹೊತ್ತಾತು, ನಡೀರಿ" ಎಂದು ಅದನ್ನು ಎತ್ತಿಕೊಂಡು ಮುಂದೆ ನಡೆದರು.

ಪ್ಲಾಟ್‌ಫಾರ್ಮ್ ತುಂಬ ಜನ. ಸಾಹೇಬರನ್ನು ಕಳಿಸಲು ಓಣಿಗೆ ಓಣಿಯೇ ಬಂದಿತ್ತು. ಕಿಟಕಿಗಳಿಂದ ಪ್ಯಾಸೆಂಜರುಗಳೂ ತಲೆ ಹೊರಗೆ ಹಾಕಿದ್ದರು. ಸ್ಟೇಶನ್ ಮಾಸ್ತರರು ಸಾಹೇಬರ ಕೊರಳಿಗೆ ಹಾರ ಹಾಕಿದರು. ಓಡಿಹೋಗಬೇಕೆಂದರೆ ಗಿಟಾರು ಸಾಹೇಬರ ಕೈ ಸೇರಿತ್ತು, ಅದನ್ನು ಬಿಟ್ಟು ಓಡಲೂ ಮನಸ್ಸಿಲ್ಲ.

ಮೊದಲು ಆರ್ಕೆಸ್ಟ್ರಾದವನು. ಸಣ್ಣ ಗಿಟಾರನ್ನು ಇಸಿದುಕೊಂಡು ಸಾಹೇಬರ ಟ್ರಂಕಿನ ಮೇಲೆ ಕೂತು, ಹೊಸ ಪಿಕ್ಕು ತೆಗೆದು, ಮದುವೆ ಮಂಟಪದ ಜೋರಿನಲ್ಲಿ ಒಂದೇಟು ಹಾಕಿದ. ತಂತಿಯ ಜೊತೆಗೆ ಒಳಗಿನಿಂದ "ಗಲಗಲ" ಅಂತು. ನಿಲ್ಲಿಸಿದ. ಇನ್ನೊಂದು ಏಟು. ಗಲಗಲಗಲ.

"ಇದು ಒಡದೈತ್ರಿ" ಅಂದ. "ಒಳಗ ಏನೋ ಮುರಕೊಂಡ ಬಿದ್ದೈತಿ. ಇದನ್ನ ಹೆಂಗ ಬಾರಸೂದು?" ಗಿಟಾರನ್ನು ತಿರುಗಿ ಕೊಟ್ಟುಬಿಟ್ಟ.

ಸಾಹೇಬರ ಮುಖ ಬಾಡಿತು. ಅವರ ತಾಯಿಯ ಗಿಟಾರು. ಇಷ್ಟು ದಿನ ಇದ್ದದ್ದು ನಮ್ಮ ಮನೆಯಲ್ಲಿ. ಆದರೂ ಅವರು ಇಂಜಿನ್ ಕಡೆ ನೋಡಿದರು. "ನೀರು ತುಂಬಾಕ ಬಂತು, ಹೊತ್ತಿಲ್ಲ. ಬಾ ಬೇಟಿ. ಹೆಂಗೈತಿ ಹಂಗ ಬಾರಸು."

ಕೂತೆ. ಮಡಿಲಿಗೆ ತೆಗೆದುಕೊಂಡೆ. ಇದೇ ಇದರ ಕಡೇ ಹಾಡೋ ಏನೋ ಎಂಬ ಸಂಕಟದಲ್ಲಿ ಜನರನ್ನು ಮರೆತೆ. ಹೆಬ್ಬೆರಳು ನಡೆಯಿತು. ಮೊದಲ ಹೆಜ್ಜೆಗೇ ಒಳಗೆ ಗಲ್ ಅಂತು. ನಿಲ್ಲಿಸಲಿಲ್ಲ. ಎರಡನೆಯದಕ್ಕೂ ಗಲ್. ಹೆಬ್ಬೆರಳು ಎಲ್ಲಿ ಬೀಳುತ್ತದೋ ಸರಿಯಾಗಿ ಅಲ್ಲೇ ಗಲ್, ಗಲ್, ಗಲ್, ಯಾರೋ ಗೆಜ್ಜೆ ಕಟ್ಟಿಕೊಂಡು ಒಳಗೇ ನಡೆಯುತ್ತಿದ್ದ ಹಾಗೆ. ಮೇಲಿನ ಬೆರಳುಗಳು ಅದರ ಸುತ್ತ ಕುಣಿದವು. ಪ್ಲಾಟ್‌ಫಾರ್ಮಿನ ಗದ್ದಲ ಕಡಿಮೆಯಾಗುತ್ತ ಆಗುತ್ತ 'ಚಾಯ್ ಚಾಯ್' ಅನ್ನುವವನೂ ಸುಮ್ಮನಾದ. ಅಷ್ಟು ಸಣ್ಣ ಹೊಟ್ಟೆಯ ವಾದ್ಯ, ಅಷ್ಟು ದೊಡ್ಡ ಸ್ಟೇಶನ್ನು, ಒಂದೊಂದು ಸ್ವರವೂ ಕೊನೇ ಡಬ್ಬಿಯವರೆಗೆ ನಡೆದುಕೊಂಡು ಹೋಗಿ ಕೇಳಿಸಿಬಂತು. ಧಾಟಿ ಮುಗಿಯಿತು. ಹೆಬ್ಬೆರಳು ಎಲ್ಲೂ ನಿಂತಿರಲಿಲ್ಲ.

ಸಾಹೇಬರು ಕಣ್ಣೊರೆಸಿಕೊಂಡು ಗಿಟಾರನ್ನು ತೆಗೆದುಕೊಂಡರು, ಎಲ್ಲಿ ಮುರಿದಿದೆ ನೋಡೋಣವೆಂದು ಬೋರಲು ಹಿಡಿದರು. ತೂತಿನಿಂದ ಒಂದು ಹುರಿದ ಶೇಂಗಾ ಕಾಳು ಉರುಳಿ ಅವರ ಬೂಟಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು.

ಎಲ್ಲರೂ ಕಾಳನ್ನು ನೋಡಿದರು. ಅಪ್ಪ ಅವ್ವನನ್ನು ನೋಡಿದರು.

"ನಾನ ಹಾಕೇನ್ರಿ" ಅಂದಳು ಅವ್ವ, ತಪ್ಪು ಮಾಡಿದವಳ ದನಿಯಲ್ಲಿ ಅಲ್ಲ. "ಮಂದಿ ಮನಿ ಸಾಮಾನು ತಿರುಗಿ ಕೊಡೂವಾಗ ಖಾಲಿ ಕೊಡತಾರೇನ್ರಿ? ಒಂದು ವಾಟಗಾ ಇಸಕೊಂಡ್ರೂ ಒಂದ ಹಿಡಿ ಏನರ ಹಾಕಿ ಕೊಡೂದು ಪದ್ಧತಿ. ಇದಕ್ಕೂ ಒಳಗ ಜಾಗಾ ಇತ್ತು. ಹಾಕಿದೆ."

ಸಾಹೇಬರು ಎಷ್ಟು ನಕ್ಕರೆಂದರೆ ಕೊರಳ ಹಾರದ ಹೂವು ಉದುರಿದವು. "ಇಷ್ಟು ವರ್ಷ ಈ ಊರಾಗ ಇದ್ದೆ. ನಾ ಕೊಟ್ಟ ಡಬ್ಬಿ ಒಂದೂ ಖಾಲಿ ಬರಲಿಲ್ಲ, ಯಾಕಂತ ಇವತ್ತ ತಿಳೀತು." ಗಿಟಾರನ್ನು ನನ್ನ ಕೈಗೆ ಇಟ್ಟರು. "ಇದು ನಿಂದು ಬೇಟಿ. ತಡಿ, ಹಂಗಾದ್ರ ನಾನೂ ಖಾಲಿ ಕೊಡೂದಿಲ್ಲ." ಜೇಬು ತಡಕಿದರು, ಕೈಗೆ ಸಿಕ್ಕದ್ದು ಗಾಡಿ ಬಿಡುವಾಗ ಊದುವ ಅವರ ಸೀಟಿ. ತಂತಿ ಸರಿಸಿ ಅದನ್ನು ಒಳಗೆ ಬಿಟ್ಟರು. "ನೌಕರಿ ಮುಗೀತು, ಇನ್ನ ನನಗ್ಯಾಕ ಬೇಕು?"

ಜನ ಚಪ್ಪಾಳೆ ತಟ್ಟಿದರು. ಅವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಸಿಗ್ನಲ್ ಬಿತ್ತು. ಸ್ಟೇಶನ್ ಮಾಸ್ತರರು ಬಹಳ ಮರ್ಯಾದೆಯಿಂದ ಹತ್ತಿರ ಬಂದರು.

"ಗಾರ್ಡ್ ಸಾಹೇಬ್ರ, ನೀವು ರಿಟೈರ್ ಆಗೂದು ಹುಬ್ಬಳ್ಳ್ಯಾಗ. ಇನ್ನೂ ಆಗಿಲ್ರಿ. ಸೀಟಿ ಊದ್ರಿ."

ಸಾಹೇಬರ ಕೈ ಜೇಬಿಗೆ ಹೋಯಿತು. ಹಾಗೇ ನಿಂತಿತು.

ಆಮೇಲೆ ನಡೆದದ್ದನ್ನು ಬಾಗಲಕೋಟೆಯ ಸ್ಟೇಶನ್ನು ಹಿಂದೆಂದೂ ಕಂಡಿರಲಿಕ್ಕಿಲ್ಲ. ಮಾಸ್ತರರು ನನ್ನ ಕೈಯಿಂದ ಗಿಟಾರು ಕಸಿದು ಬೋರಲು ಹಿಡಿದು ಕೊಡವಿದರು. ಶೇಂಗಾ ಬಂತು. ಮತ್ತೆ ಕೊಡವಿದರು. ಮತ್ತೂ ಶೇಂಗಾ. ಅವ್ವನ ಒಂದು ಹಿಡಿ ಎಂದರೆ ಸಣ್ಣದಲ್ಲ. ಕೆಳಗಿಳಿದ ಪ್ಯಾಸೆಂಜರುಗಳು ಬಿದ್ದದ್ದನ್ನು ಆರಿಸಿ, ಊದಿ, ತಿನ್ನತೊಡಗಿದರು. ಸೀಟಿ ಮಾತ್ರ ಒಳಗೆ ಅಂಟಿಸಿದ ಕಟ್ಟಿಗೆಯ ಪಟ್ಟಿಗೆ ಸಿಕ್ಕಿಕೊಂಡು ಕೂತಿತ್ತು. ಡ್ರೈವರು ಇಂಜಿನ್ನಿನಿಂದ ಬಾಗಿ ನೋಡಿ ಒಮ್ಮೆ ಕೂಗು ಹಾಕಿಸಿದ. ಇತ್ತ ಕಡೆಯಿಂದ ಉತ್ತರವಿಲ್ಲ. ಮಾಸ್ತರರು ಗಿಟಾರಿನ ಬೆನ್ನಿಗೆ ಗುದ್ದಲು ಕೈ ಎತ್ತಿದರು.

"ಮೆಲ್ಲಗ್ರಿ. ಅದು ನಂದೈತಿ."

ಯಾರು ಮಾತಾಡಿದ್ದು ಎಂದು ಎಲ್ಲರೂ ತಿರುಗಿ ನೋಡಿದರು. ನಾನೂ ನೋಡಿದೆ. ಅಪ್ಪನ ಬಾಯಿ ತೆರೆದೇ ಇತ್ತು. ಅಷ್ಟು ಜೋರಾಗಿ ನಾನು ಮನೆಯಲ್ಲೂ ಮಾತಾಡಿದವಳಲ್ಲ. ಮಾಸ್ತರರು ಗಿಟಾರನ್ನು ನನಗೆ ಕೊಟ್ಟರು. ಟ್ರಂಕಿನ ಮೇಲೆ ಕೂತು, ತಂತಿಗಳ ನಡುವೆ ಎರಡು ಬೆರಳು ಇಳಿಸಿ, ಒಳಗಿನ ಪಟ್ಟಿಯ ಗುಂಟ ತಡವಿ, ಸೀಟಿಯನ್ನು ಮೇಲಕ್ಕೆತ್ತಿದೆ.

ಸಾಹೇಬರು ಓಡುತ್ತ ಊದಿದರು, ಓಡುತ್ತಲೇ ಹಸಿರು ನಿಶಾನೆ ಬೀಸಿದರು, ಕೊನೇ ಡಬ್ಬಿ ಹತ್ತಿ ನಿಂತು ಕಣ್ಮರೆಯಾಗುವ ತನಕ ಕೈಯಾಡಿಸಿದರು.

ಗಾಡಿ ಹೋದ ಮೇಲೆ ಮಾಸ್ತರರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಳ್ಳುತ್ತ ಅವ್ವನ ಎದುರಿಗೆ ಬಂದರು. "ತಾಯಿ, ನನ್ನ ನೌಕರ್ಯಾಗ ಗಾಡಿ ಎಮ್ಮಿ ಅಡ್ಡ ಬಂದು ತಡ ಆಗೈತಿ, ಮಳಿ ಬಂದು ತಡ ಆಗೈತಿ. ಶೇಂಗಾದ ಸಲುವಾಗಿ ತಡ ಆಗಿದ್ದು ಇದ ಮದಲು."

ಅವ್ವ ಉಳಿದ ಕಾಳುಗಳನ್ನು ಸೆರಗಿಗೆ ಆರಿಸಿಕೊಳ್ಳುತ್ತ, ತಲೆ ಎತ್ತದೆ ಅಂದಳು:

"ನನ್ನ ಶೇಂಗಾಕ್ಕ ಯಾಕ ಅಂತೀರಿ? ಅದು ಒಳಗಿದ್ರೂ ನಿಮ್ಮ ಗಾಡಿ ಸುಸೂತ್ರ ಹೋಗತಿತ್ತು. ತಡ ಮಾಡಿದ್ದು ನಿಮ್ಮ ರೈಲ್ವೆ ಸೀಟಿ. ಮುಂದಿನ ಸಲ ನಿಮ್ಮ ಮಂದಿಗೂ ಶೇಂಗಾನ ಹಾಕಾಕ ಹೇಳ್ರಿ."